ಬಾಗಿಲು ಹಾಕಿತ್ತು

ಆ ಪಟ್ಟಿಯನ್ನು ಗೋಡೆಗೆ ಅಂಟಿಸಿದವಳು ನಾನೇ. ಹಿಟ್ಟು ಕಲಸಿ ಕಚೇರಿ ಹಿಂದಿನ ಒಲೆಯ ಮೇಲೆ ಅಂಟು ಕಾಯಿಸಿದವಳೂ ನಾನೇ. ಗಂಟು ಕಟ್ಟದ ಹಾಗೆ ಅರ್ಧ ಗಂಟೆ ತಿರುವಿದ್ದೆ. ಬಿಸಿ ಅಂಟು ಸಿಡಿದು ಮುಂಗೈ ಮೇಲೆ ಬೊಬ್ಬೆ ಎದ್ದಿತ್ತು. ಪುರಸಭೆ ಚುನಾವಣೆಯ ಮತದಾರರ ಕರಡು ಪಟ್ಟಿ, ಐವತ್ತೆರಡು ಹಾಳೆ. ಒಂದೊಂದನ್ನೂ ಸುಕ್ಕು ಬಾರದ ಹಾಗೆ ಅಂಗೈಯಲ್ಲಿ ಸವರಿ ಕೂರಿಸಿದೆ. ನಲವತ್ತನೆಯ ಹಾಳೆಗೆ ಬಂದಾಗ ಕೈ ನಿಂತಿತು.

ನಮ್ಮ ಓಣಿ ಇರಲಿಲ್ಲ.

ನನ್ನ ಕೆಲಸ ಕಸದ ಗಾಡಿ ತಳ್ಳುವುದು. ಬೆಳಿಗ್ಗೆ ಸೀಟಿ ಊದುತ್ತಾ ಹೋಗುತ್ತೇನೆ, ಅದಕ್ಕೇ ಊರೆಲ್ಲ ನನ್ನನ್ನು ಸೀಟಿ ಎಂದೇ ಕರೆಯುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ. ಅದನ್ನು ಬರೆದಿದ್ದದ್ದು ಎರಡೇ ಕಡೆ, ಪುರಸಭೆಯ ಹಾಜರಿ ಪುಸ್ತಕದಲ್ಲಿ ಮತ್ತು ಈ ಪಟ್ಟಿಯಲ್ಲಿ. ಐದನೇ ಕ್ಲಾಸು ಓದಿದ್ದೇನೆ, ಅಕ್ಷರ ಕೂಡಿಸಲು ಬರುತ್ತದೆ. ಕೂಡಿಸಿ ಕೂಡಿಸಿ ಕೊನೆಯ ಹಾಳೆಯವರೆಗೂ ಓದಿದೆ. ಅಲ್ಲಿ ಸಿಕ್ಕೆವು. ‘ಕೈಬಿಟ್ಟ ಹೆಸರುಗಳು.’ ನೂರ ನಲವತ್ಮೂರು ಜನ, ಇಡೀ ಓಣಿ. ಪ್ರತಿ ಹೆಸರಿನ ಎದುರಿಗೂ ಒಂದೇ ಕಾರಣ. ‘ಮೂರು ಸಲ ಭೇಟಿ. ಬಾಗಿಲು ಹಾಕಿತ್ತು. ವಾಸವಿಲ್ಲ.’

ನನಗೆ ನಗು ಬಂತು. ಅಂಟಿನ ಬಕೆಟ್ಟು ಹಿಡಿದು ಗೋಡೆಗೆ ಮುಖ ಮಾಡಿ ನಕ್ಕೆ. ಯಾಕೆಂದರೆ ನಮ್ಮ ಓಣಿಯಲ್ಲಿ ಒಂದು ಮನೆಗೂ ಬಾಗಿಲಿಲ್ಲ.

ಮೊದಲು ಇದ್ದವು. ಐದು ವರ್ಷದ ಹಿಂದೆ ಪುರಸಭೆಯವರೇ ಕಿತ್ತುಕೊಂಡು ಹೋದರು. ಓಣಿ ಖಾಲಿ ಮಾಡಿಸಲು ಬಂದಿದ್ದರು. ಮನೆ ಕೆಡವುವ ಮೊದಲು ಬಾಗಿಲು ಕೀಳುವುದು ಅವರ ಪದ್ಧತಿ. ಬಾಗಿಲು ಹೋದರೆ ಜನ ತಾವಾಗಿಯೇ ಎದ್ದು ಹೋಗುತ್ತಾರಂತೆ. ಮೂವತ್ತೆಂಟು ತಗಡಿನ ಬಾಗಿಲು ಕಿತ್ತು, ಒಂದೊಂದಕ್ಕೂ ಕೆಂಪು ಬಣ್ಣದಲ್ಲಿ ಮನೆ ನಂಬರು ಬರೆದು ಟ್ರ್ಯಾಕ್ಟರಿಗೆ ತುಂಬಿದರು. ಅಷ್ಟರಲ್ಲಿ ಕೋರ್ಟಿನಿಂದ ತಡೆ ಬಂತು. ಮನೆ ಉಳಿದವು, ಬಾಗಿಲು ವಾಪಸು ಬರಲಿಲ್ಲ. ಕೇಳಿದಾಗಲೆಲ್ಲ ಮೇಲಿನಿಂದ ಆದೇಶ ಬರಬೇಕು ಎಂದರು. ಪುರಸಭೆಯ ಗೋದಾಮಿನಲ್ಲಿ, ನನ್ನ ಗಾಡಿ ನಿಲ್ಲಿಸುವ ಜಾಗದ ಹಿಂದೆಯೇ, ಅವು ಒಂದರ ಮೇಲೊಂದು ಬಿದ್ದಿವೆ. ನಮ್ಮದು ಇಪ್ಪತ್ತೊಂದು. ಹಸಿರು ಬಣ್ಣ. ದಿನಾ ನೋಡುತ್ತೇನೆ.

ಈಗ ಎಲ್ಲರ ಮನೆಗೂ ಗೋಣಿಚೀಲದ ಪರದೆ. ನನ್ನ ಗಂಡ ಲಾರಿ ಮೇಲಿರುತ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಮನೆಯಲ್ಲಿ ನಾನು, ಹದಿನಾರು ವರ್ಷದ ಮಗಳು. ಅವಳು ಸ್ನಾನ ಮಾಡುವಾಗ ಒಂದು ಕಾಲು ಚಾಚಿ ಗೋಣಿಯ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತಾಳೆ. ಗಾಳಿಗೆ ಎದ್ದೀತು, ನಾಯಿ ನುಗ್ಗೀತು, ಯಾವನಾದರೂ ಇಣುಕಿಯಾನು. ಐದು ವರ್ಷದಿಂದ ಅವಳು ಎರಡೂ ಕಾಲು ಊರಿ ಸ್ನಾನ ಮಾಡಿಲ್ಲ.

ಅಂಥ ಓಣಿಗೆ ಬಂದು ನೋಡಿದೆ, ಬಾಗಿಲು ಹಾಕಿತ್ತು ಎಂದು ಬರೆದಿದ್ದಾನೆ. ಬಂದಿದ್ದರೆ ತಾನೇ.

ಬರೆದವನು ಪಟ್ಟಿ ಗುಮಾಸ್ತ. ಮನೆ ಮನೆಗೆ ಹೋಗಿ ಮತದಾರರು ಇದ್ದಾರೋ ಇಲ್ಲವೋ ನೋಡಿ ಬರೆಯುವುದು ಅವನ ಕೆಲಸ. ಕಿಟಕಿಯ ಹಿಂದೆ ಫ್ಯಾನಿನ ಕೆಳಗೆ ಕೂತಿದ್ದ. ನನ್ನನ್ನು ಕಂಡ ಕೂಡಲೇ ಕರವಸ್ತ್ರ ಮೂಗಿಗೆ ಹೋಯಿತು. ಆ ಬೆಳಿಗ್ಗೆ ಅವನ ಮನೆಯ ಕಸವನ್ನೂ ನಾನೇ ಎತ್ತಿದ್ದೆ. ನನ್ನ ಮೈಮೇಲಿದ್ದ ವಾಸನೆಯಲ್ಲಿ ಅವನ ಪಾಲೂ ಇತ್ತು.

"ಸಾರ್, ನಮ್ಮ ಓಣಿ ಪಟ್ಟಿಲಿ ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ, ತೆಗೆದಿದ್ದೀವಿ. ಮೂರು ಸಲ ಬಂದಿದ್ದೆ. ಬಾಗಿಲು ಹಾಕಿತ್ತು."

"ಬಾಗಿಲೇ ಇಲ್ವಲ್ಲ ಸಾರ್. ಎಲ್ಲಾ ನಿಮ್ಮ ಗೋದಾಮಲ್ಲಿದೆ."

ಅವನು ಒಮ್ಮೆ ತಲೆ ಎತ್ತಿದ. ಆಮೇಲೆ ಫೈಲಿನ ಹಾಳೆ ಮಗುಚಿದ. "ಬರೆದಾಗಿದೆ. ಬೇಕಾದ್ರೆ ಹೊಸದಾಗಿ ಅರ್ಜಿ ಹಾಕ್ಕೊಳ್ಳಿ. ವಾಸ ಇದ್ದೀರಿ ಅನ್ನೋದಕ್ಕೆ ದಾಖಲೆ ಬೇಕು. ಕರೆಂಟ್ ಬಿಲ್ ತನ್ನಿ."

"ಕರೆಂಟ್ ಕೊಟ್ಟಿಲ್ಲ ನೀವು."

"ನೀರಿನ ಬಿಲ್ಲು."

"ನಲ್ಲಿ ಹಾಕಿಲ್ಲ."

"ಹಾಗಾದ್ರೆ ಪುರಸಭೆಯಿಂದ ವಾಸದ ಪತ್ರ ತಗೊಂಡು ಬಾ."

"ಅದನ್ನ ಕೇಳಿದ್ರೆ ಮತದಾರರ ಪಟ್ಟಿಲಿ ಹೆಸರಿರಬೇಕು ಅಂತಾರೆ."

"ಇರಬೇಕಲ್ಲ ಮತ್ತೆ," ಎಂದ. ಅವನ ಮುಖದಲ್ಲಿ ನಗುವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ನನ್ನ ಮೇಲೆ ಕಣ್ಣು ಬಿಡಬೇಡ. ಓಣೀಲಿ ಯಾರೂ ಇಲ್ಲ ಅಂತ ಆಕ್ಷೇಪಣೆ ಬಂದಿತ್ತು. ಅಧ್ಯಕ್ಷರ ಡ್ರೈವರ್ ಹಾಕಿದ್ದ. ಪಟ್ಟಿಲಿ ಹೆಸರಿರೋ ಯಾರು ಬೇಕಾದ್ರೂ, ಯಾರ ಮೇಲೆ ಬೇಕಾದ್ರೂ ಹಾಕಬಹುದು. ಹಾಕಿದ್ರೆ ನಾವು ತಗೊಳ್ಳಲೇಬೇಕು. ರೂಲು."

ನನ್ನ ಬಾಯಿ ಮುಚ್ಚಿಸಲು ಆ ಮಾತು ಹೇಳಿದ. ನಾನು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಅಧ್ಯಕ್ಷ ಬಂದ. ಎರಡು ಸಲ ಗೆದ್ದ ಆಸಾಮಿ. ಹಳೆಯ ವಾರ್ಡಿನ ಜನ ಈಗ ಅವನ ಮುಖ ಕಂಡರೆ ಉಗಿಯುತ್ತಾರೆ. ಅದಕ್ಕೇ ಈ ಸಲ ನಮ್ಮ ವಾರ್ಡಿನಿಂದ ನಿಲ್ಲುತ್ತಾನೆ ಎಂಬ ಮಾತಿತ್ತು. ನಮ್ಮ ಓಣಿಯ ವೋಟು ಒಂದೂ ಅವನಿಗೆ ಬೀಳುವುದಿಲ್ಲ ಎಂದು ಅವನಿಗೂ ಗೊತ್ತು. ಬಾಗಿಲು ಕೀಳಿಸುವಾಗ ಟ್ರ್ಯಾಕ್ಟರಿನ ಪಕ್ಕ ನಿಂತು ಎಣಿಸಿದವನು ಅವನೇ.

"ಏನೇ ಸೀಟಿ, ಗಾಡಿ ಬಿಟ್ಟು ಇಲ್ಲೇನು ಕೆಲಸ?"

"ನಮ್ಮ ಹೆಸರು ತೆಗೆದುಬಿಟ್ಟಿದ್ದಾರೆ ಸಾರ್."

"ಹೆಸರು ಇಟ್ಕೊಂಡು ಏನು, ಉಪ್ಪು ಹಾಕ್ಕೊಂಡು ನೆಕ್ತೀಯಾ? ಎಲೆಕ್ಷನ್ ಮುಗಿದ ಮೇಲೆ ಅಲ್ಲಿ ಲಾರಿ ನಿಲ್ದಾಣ ಬರುತ್ತೆ. ಕೋರ್ಟಿಗೂ ಹೇಳ್ತೀವಿ, ಅಲ್ಲಿ ಯಾರೂ ವಾಸ ಇಲ್ಲ, ಪಟ್ಟಿ ನೋಡ್ಕೊಳ್ಳಿ ಅಂತ. ಹೋಗು, ಹೊರಗೆ ಅಂಟು ಸೋರ್ತಾ ಇದೆ, ಒರೆಸು."

ಹೋಗಿ ಒರೆಸಿದೆ. ಇಪ್ಪತ್ತು ವರ್ಷದಿಂದ ಈ ಊರಿನ ಎಂಜಲು ಎತ್ತಿದ್ದೇನೆ. ಕಸ ಎತ್ತುವಾಗ ಇದ್ದೇನೆ, ಪಟ್ಟಿ ಬರೆಯುವಾಗ ಇಲ್ಲ. ಪಟ್ಟಿ ಹೀಗೆಯೇ ಅಖೈರಾದರೆ ಕೋರ್ಟಿನ ತಡೆ ಹೋಗುತ್ತದೆ. ತಡೆ ಹೋದರೆ ಮೂವತ್ತೆಂಟು ಮನೆ ನೆಲಕ್ಕೆ ಬೀಳುತ್ತವೆ. ಇವನನ್ನು ಬಿಡಬಾರದು ಎಂದುಕೊಂಡೆ. ನ್ಯಾಯ ಗೀಯ ಆಮೇಲೆ. ಮೊದಲು ಇವನ ಮೂಗು ಮಣ್ಣಿಗೆ ಉಜ್ಜಬೇಕು.

ಬಕೆಟ್ಟು ತೊಳೆಯಲು ಕಚೇರಿಯ ಹಿಂದಕ್ಕೆ ಹೋದೆ. ಅಲ್ಲೊಂದು ಶೆಡ್ಡಿದೆ. ನನ್ನ ಅತ್ತೆ ಇರುವುದು ಅಲ್ಲಿಯೇ. ಕಚೇರಿ ಗುಡಿಸಿ ಪಾಯಿಖಾನೆ ತೊಳೆಯುವವಳು ಕೈಗೆ ಸಿಗುವಂತಿರಬೇಕು ಎಂದು ನಲವತ್ತು ವರ್ಷದ ಹಿಂದೆ ಅವಳನ್ನೂ ಮಾವನನ್ನೂ ಅಲ್ಲಿ ಇರಿಸಿದ್ದರು. ಓಣಿಯನ್ನು ಪಟ್ಟಿಯಿಂದ ಹೊಡೆದುಹಾಕಿದ ಗುಮಾಸ್ತನಿಗೆ ತನ್ನ ಬೆನ್ನ ಹಿಂದಿನ ಶೆಡ್ಡು ನೆನಪಾಗಿರಲಿಲ್ಲ. ಪಟ್ಟಿಯ ಮೊದಲ ಹಾಳೆಯ ಮೊದಲ ಎರಡು ಹೆಸರು ಆ ಶೆಡ್ಡಿನವು. ನಾನೇ ಅಂಟಿಸಿದ್ದೆ, ನೋಡಿದ್ದೆ.

"ಅತ್ತೆ, ಓಣಿಯವರ ಹೆಸರೆಲ್ಲ ತೆಗೆದಿದ್ದಾರೆ. ನಿಮ್ಮದಿದೆ. ಮಾವಂದೂ ಇದೆ."

ಅತ್ತೆ ಪೊರಕೆ ಕಟ್ಟುತ್ತಿದ್ದಳು. ಕೈ ನಿಂತಿತು.

"ಅವನದು ಇನ್ನೂ ಇದೆಯೇನೇ?"

ಮಾವ ಸತ್ತು ಒಂಬತ್ತು ವರ್ಷ. ಮಾರುಕಟ್ಟೆ ಮುಂದಿನ ಗುಂಡಿಗೆ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಒಳಗೆ ಗಾಳಿ ಕೆಟ್ಟಿತ್ತು. ಹಗ್ಗ ಎಳೆದಾಗ ಹೆಣ ಬಂತು. ಕೆಲಸದ ಮೇಲೆ ಸತ್ತ ಎಂದು ಬರೆದರೆ ಇಳಿಸಿದವರು ಜೈಲಿಗೆ ಹೋಗಬೇಕು. ಅದಕ್ಕೆ ಮೇಸ್ತ್ರಿ ಆ ದಿನ ಹಾಜರಿ ಪುಸ್ತಕದಲ್ಲಿ ‘ರಜೆ’ ಎಂದು ಬರೆದ. ಮರಣದ ಪತ್ರ ಕೊಡಬೇಕಾದವರೂ ಇದೇ ಪುರಸಭೆಯವರು. ಕೊಡಲಿಲ್ಲ. ಮಾವ ಒಂಬತ್ತು ವರ್ಷದಿಂದ ರಜೆಯ ಮೇಲಿದ್ದಾನೆ. ಆ ಕಚೇರಿಯಲ್ಲಿ ಅಷ್ಟು ಉದ್ದದ ರಜೆ ಇನ್ನಾರಿಗೂ ಸಿಕ್ಕಿಲ್ಲ.

"ಸತ್ತೋನು ವಾಸ ಇದ್ದಾನೆ. ಬದುಕಿರೋ ನೀವು ವಾಸ ಇಲ್ಲ," ಎಂದಳು ಅತ್ತೆ. "ಬರೆದ ಕೈಗೆ ಹುಳ ಬೀಳ."

"ಹುಳ ತಾನಾಗೇ ಬೀಳಲ್ಲ ಅತ್ತೆ, ನಾವೇ ಬಿಡಬೇಕು. ಪಟ್ಟಿಲಿ ಹೆಸರಿರೋರು ಯಾರ ಮೇಲೆ ಬೇಕಾದ್ರೂ ಆಕ್ಷೇಪಣೆ ಹಾಕಬಹುದಂತೆ. ನಿಮ್ಮ ಹೆಬ್ಬೆಟ್ಟು ಬೇಕು."

"ಯಾರ ಮೇಲೆ?"

ಯಾರ ಮೇಲೆ ಎನ್ನುವುದನ್ನು ನಾನು ಅಂಟಿಸುವಾಗಲೇ ಕಂಡಿದ್ದೆ. ನಮ್ಮ ವಾರ್ಡಿನ ದೊಡ್ಡ ಬೀದಿ, ಮನೆ ನಂಬರು ಮೂವತ್ತೊಂದು. ಆ ಒಂದು ಮನೆಯಲ್ಲಿ ಹನ್ನೆರಡು ಮತದಾರರು. ಅಧ್ಯಕ್ಷ, ಅವನ ಹೆಂಡತಿ, ಮಕ್ಕಳು, ಸೊಸೆಯರು, ಕೊನೆಗೆ ಡ್ರೈವರ್. ವಾರ್ಡಿನಿಂದ ನಿಲ್ಲಬೇಕಾದರೆ ಆ ವಾರ್ಡಿನಲ್ಲಿ ವಾಸವಿರಬೇಕು. ಅದಕ್ಕೆ ಭಾವಮೈದನ ಖಾಲಿ ಮನೆಯ ನಂಬರು ಕೊಟ್ಟು ಸೇರಿಕೊಂಡಿದ್ದ. ಆ ಮನೆಯ ಬೀಗ ತುಕ್ಕು ಹಿಡಿದು ಕೆಂಪಗಾಗಿದೆ. ಗೇಟಿನ ಸಂದಿಯಲ್ಲಿ ಗೆದ್ದಲು ಕಟ್ಟಿದೆ. ದಿನಾ ಅದರ ಮುಂದೆ ಸೀಟಿ ಊದಿ ಮುಂದೆ ಹೋಗುತ್ತೇನೆ.

ಮನುಷ್ಯ ಇದ್ದ ಕಡೆ ಕಸ ಇರುತ್ತದೆ. ಇದು ನನಗೆ ಯಾವ ಶಾಲೆಯೂ ಕಲಿಸಬೇಕಾಗಿಲ್ಲ. ಯಾವ ಮನೆಯಲ್ಲಿ ಕೂಸು ಹುಟ್ಟಿದೆ, ಯಾವ ಮನೆಯಲ್ಲಿ ಕಾಯಿಲೆ, ಯಾರು ಊರಿಗೆ ಹೋದರು, ಎಲ್ಲ ನನಗೆ ಬುಟ್ಟಿ ನೋಡಿದರೆ ತಿಳಿಯುತ್ತದೆ. ಇದನ್ನು ಕಾಗದಕ್ಕೆ ಇಳಿಸಿದ ಪುಣ್ಯಾತ್ಮನೂ ಅಧ್ಯಕ್ಷನೇ. ನಾವು ಕೆಲಸಗಳ್ಳರು ಎಂದು ಎರಡು ವರ್ಷದ ಹಿಂದೆ ಪ್ರತಿ ಗೇಟಿಗೂ ಒಂದು ಕಾರ್ಡು ನೇತುಹಾಕಿಸಿದ. ಕಸ ಎತ್ತಿದ ದಿನ ಕಾರ್ಡಿಗೆ ಒಂದು ತೂತು, ಬಸ್ಸಿನ ಟಿಕೇಟಿಗೆ ಹಾಕುವ ಹಾಗೆ. ಕಸ ಬಾರದಿದ್ದರೆ ತೂತಿಲ್ಲ. ತಿಂಗಳ ಕೊನೆಗೆ ಮೇಸ್ತ್ರಿ ಕಾರ್ಡು ಎಣಿಸಿ, ಸಹಿ ಹಾಕಿ, ಕಟ್ಟು ಕಟ್ಟಿ ಕಚೇರಿ ಸಭಾಂಗಣದ ಕಪಾಟಿಗೆ ಇಡುತ್ತಾನೆ. "ಸುಳ್ಳು ತೂತು ಒಂದು ಸಿಕ್ಕಿದ್ರೂ ಕೆಲಸದಿಂದ ಕಿತ್ತುಹಾಕ್ತೀನಿ," ಎಂದು ಅಧ್ಯಕ್ಷ ಸಭೆಯಲ್ಲಿ ಗುಡುಗಿದ್ದ. ನಾನು ಒಂದೂ ಸುಳ್ಳು ತೂತು ಹಾಕಲಿಲ್ಲ. ಮೂವತ್ತೊಂದನೇ ಮನೆಯ ಕಾರ್ಡಿಗೆ ಹನ್ನೊಂದು ತಿಂಗಳಿಂದ ಒಂದೂ ತೂತಿಲ್ಲ.

"ಎರಡು ಅರ್ಜಿ ಬರೆಸು," ಎಂದಳು ಅತ್ತೆ. "ಒಂದು ಅವನ ಮೇಲೆ. ಇನ್ನೊಂದು ನನ್ನ ಗಂಡನ ಮೇಲೆ."

"ಮಾವನ ಮೇಲೆ ಯಾಕೆ?"

"ಸತ್ತಿದ್ದಾನೆ ಅಂತ ಇವರ ಬಾಯಲ್ಲಿ ಒಂದು ಸಲ ಹೇಳಿಸಬೇಕು ಕಣೇ. ನನ್ನ ಹೆಣ ಬೀಳೋದರೊಳಗೆ."

ಮಗಳು ಎರಡೂ ಅರ್ಜಿ ತುಂಬಿದಳು. ಅತ್ತೆ ಹೆಬ್ಬೆಟ್ಟು ಒತ್ತಿದಳು. ಮರುದಿನ ಮೂವರೂ ಕಿಟಕಿಗೆ ಹೋದೆವು. ಗುಮಾಸ್ತ ಮೇಲಿನ ಅರ್ಜಿ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಪಕ್ಕದ ಟೇಬಲ್ಲಿನವರನ್ನೂ ಕರೆದ. "ನೋಡ್ರಿ ಇಲ್ಲಿ, ಅಜ್ಜಿ ಗಂಡನ ಮೇಲೇ ಆಕ್ಷೇಪಣೆ ಹಾಕಿದ್ದಾಳೆ. ಈ ವಯಸ್ಸಲ್ಲಿ ಮನೆಯಿಂದ ಓಡಿಸ್ತೀಯೇನಜ್ಜಿ?" ಎಲ್ಲರೂ ನಕ್ಕರು. ಆ ನಗುವಿನಲ್ಲೇ ಕೆಳಗಿನ ಅರ್ಜಿಯನ್ನು ಓದದೆ ಎರಡಕ್ಕೂ ಠಸ್ಸೆ ಗುದ್ದಿ ರಸೀತಿ ಹರಿದುಕೊಟ್ಟ. ಅತ್ತೆ ರಸೀತಿಯನ್ನು ಮಡಿಸಿ ಎದೆಗೆ ಸಿಕ್ಕಿಸಿಕೊಂಡಳು.

ನಾಲ್ಕನೇ ದಿನ ಅವರಿಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದರೆ, ನನ್ನನ್ನು ಗಾಡಿಯಿಂದ ತೆಗೆದು ಚರಂಡಿಗೆ ಹಾಕಿದರು. ಮಾರುಕಟ್ಟೆ ಮುಂದಿನ ದೊಡ್ಡ ಚರಂಡಿ. ಮಾವ ಸತ್ತ ಗುಂಡಿ ಅಲ್ಲಿಂದ ಹತ್ತು ಹೆಜ್ಜೆ. ಕೈಗೆ ಗವುಸಿಲ್ಲ, ಕಾಲಿಗೆ ಬೂಟಿಲ್ಲ, ಒಂದು ಗುದ್ದಲಿ, ಒಂದು ಬಕೆಟ್ಟು. ತೊಡೆಯವರೆಗೆ ಕಪ್ಪು ನೀರು. ಬಗ್ಗಿ ಹೂಳು ತುಂಬುವುದು, ಎದೆಯ ಮಟ್ಟಕ್ಕೆ ಎತ್ತುವುದು, ದಂಡೆಗೆ ಸುರಿಯುವುದು. ಎರಡನೇ ದಿನ ಒಡೆದ ಗಾಜು ಅಂಗಾಲು ಸೀಳಿತು. ಬಟ್ಟೆ ಕಟ್ಟಿಕೊಂಡು ಮತ್ತೆ ಇಳಿದೆ. ಮೂರನೇ ದಿನ ಸೊಂಟ ನೆಟ್ಟಗಾಗಲಿಲ್ಲ. ಊಟ ಮಾಡಲು ಕೂತರೆ ಕೈಯ ವಾಸನೆಗೆ ತುತ್ತು ಎತ್ತಲಾಗಲಿಲ್ಲ. ಮಗಳು ಕಲಸಿ ಬಾಯಿಗಿಟ್ಟಳು.

ಐದನೇ ದಿನ ಮೇಸ್ತ್ರಿ ದಂಡೆಯ ಮೇಲೆ ಬಂದು ನಿಂತ. ಮಾವನಿಗೆ ರಜೆ ಬರೆದವನು ಇವನೇ.

"ಯಾಕೆ ಸುಮ್ಮನೆ ಆನೆ ಜೊತೆ ಗುದ್ದಾಡ್ತೀಯಾ? ಅರ್ಜಿ ವಾಪಸ್ ತಗೋ ಅಂತ ನಿಮ್ಮತ್ತೆಗೆ ಹೇಳು. ನಾಳೆಯಿಂದ ನಿನ್ನ ಗಾಡಿ ನಿನಗೆ."

"ತಗೊಳ್ಳಲ್ಲ."

"ಹಾಗಾದ್ರೆ ಆ ಗುಂಡಿಗಿಳಿ. ಅದೂ ಕಟ್ಟಿಕೊಂಡಿದೆ." ಮಾವ ಸತ್ತ ಗುಂಡಿಯನ್ನು ಬೆರಳು ಮಾಡಿ ತೋರಿಸಿದ.

ನಾನು ಚರಂಡಿಯಿಂದ ಮೇಲೆ ಹತ್ತಿದೆ. ತುಂಬಿದ ಬಕೆಟ್ಟನ್ನು ಅವನ ಪಾಲಿಶ್ ಮಾಡಿದ ಶೂಗಳ ಮೇಲೆ ಬಗ್ಗಿಸಿದೆ. ನಿಧಾನವಾಗಿ, ಪೂರ್ತಿ.

"ನೀನೇ ಇಳಿ," ಎಂದೆ. "ಸತ್ತರೆ ನಾನು ರಜೆ ಅಂತ ಬರೀತೀನಿ."

ಅಂಗಡಿಗಳವರು ನೋಡುತ್ತಿದ್ದರು. ಗುದ್ದಲಿಯನ್ನು ಅಲ್ಲೇ ಎಸೆದು ಮನೆಗೆ ಹೋಗಿ ಮೈ ತೊಳೆದುಕೊಂಡೆ. ಮಾರನೇ ದಿನ ವಿಚಾರಣೆ.

ವಿಚಾರಣೆಗೆ ಹೊರ ಊರಿನಿಂದ ಒಬ್ಬ ಅಧಿಕಾರಿಣಿ ಬಂದಿದ್ದರು. ಸಣ್ಣ ದೇಹ, ದಪ್ಪ ಕನ್ನಡಕ, ಮಾತು ಕಡಿಮೆ. ಪುರಸಭೆಯ ಸಭಾಂಗಣದಲ್ಲಿ ಟೇಬಲ್ಲು ಹಾಕಿದ್ದರು. ಆ ನೆಲವನ್ನು ಬೆಳಿಗ್ಗೆ ಅತ್ತೆಯೇ ಒರೆಸಿದ್ದಳು. ಅಧ್ಯಕ್ಷ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನಾವು ಬಾಗಿಲ ಹತ್ತಿರ ನಿಂತಿದ್ದೆವು. ಕೂತುಕೊಳ್ಳಿ ಎಂದು ಆಕೆ ಹೇಳಿದಾಗ ಅತ್ತೆ ನೆಲಕ್ಕೆ ಕೂರಲು ಹೋದಳು. ರಟ್ಟೆ ಹಿಡಿದು ಕುರ್ಚಿಯ ಮೇಲೆ ಕೂರಿಸಿದೆ.

ಮೊದಲು ಮಾವನ ಅರ್ಜಿ ಬಂತು.

"ಏನಮ್ಮ ನಿಮ್ಮ ಆಕ್ಷೇಪಣೆ?"

"ನನ್ನ ಗಂಡ ಸತ್ತು ಒಂಬತ್ತು ವರ್ಷ ಆಯ್ತು ತಾಯಿ. ಹೆಸರು ತೆಗೀರಿ."

ಆಕೆ ಗುಮಾಸ್ತನ ಭೇಟಿ ಪುಸ್ತಕ ತರಿಸಿ ಬೆರಳಿಟ್ಟು ಹುಡುಕಿದರು. ಆಮೇಲೆ ಗಟ್ಟಿಯಾಗಿ ಓದಿದರು. "‘ಖುದ್ದಾಗಿ ಕಂಡಿದ್ದೇನೆ. ವಾಸವಿದ್ದಾರೆ.’ ಹೋದ ತಿಂಗಳು ಬರೆದಿದ್ದೀರಿ. ಎಲ್ಲಿ ಕಂಡ್ರಿ ಇವರನ್ನ?"

ಗುಮಾಸ್ತನ ಕರವಸ್ತ್ರ ಈ ಸಲ ಹಣೆಗೆ ಹೋಯಿತು. "ಮೇಡಂ, ಅದು... ಪುರಸಭೆ ದಾಖಲೆಲಿ ಇನ್ನೂ ಇದ್ದಾರೆ. ಹಾಜರಿ ಪುಸ್ತಕದಲ್ಲಿ ರಜೆ ಅಂತ..."

"ಸತ್ತಿದ್ದಾರೋ ಇಲ್ವೋ? ಅದನ್ನ ಹೇಳಿ."

ಗುಮಾಸ್ತ ಅಧ್ಯಕ್ಷನ ಮುಖ ನೋಡಿದ. ಅಧ್ಯಕ್ಷ ಕಿಟಕಿಯ ಆಚೆ ನೋಡಿದ.

"ಸತ್ತಿದ್ದಾರೆ," ಎಂದ ಗುಮಾಸ್ತ.

"ಎಲ್ಲಿ?" ಎಂದು ಕೇಳಿದವಳು ಅತ್ತೆ. "ಅದನ್ನೂ ಹೇಳಪ್ಪ."

"ಮಾರುಕಟ್ಟೆ ಮುಂದಿನ ಗುಂಡೀಲಿ."

ಅಧಿಕಾರಿಣಿ ಅದನ್ನು ಬರೆದುಕೊಂಡರು. ಅವರ ಪೆನ್ನಿನ ಸದ್ದನ್ನು ಅತ್ತೆ ಕಣ್ಣು ಮುಚ್ಚಿ ಕೇಳಿದಳು.

ಆಮೇಲೆ ಮೂವತ್ತೊಂದನೇ ಮನೆ. ಅಧ್ಯಕ್ಷ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಹನ್ನೊಂದು ತಿಂಗಳಿಂದ ಅಲ್ಲೇ ವಾಸವಿದ್ದೇನೆ, ಇದು ವಿರೋಧಿಗಳ ಕೈವಾಡ, ಈ ಮುಗ್ಧ ಮುದುಕಿಯನ್ನು ಎತ್ತಿಕಟ್ಟಿದ್ದಾರೆ ಎಂದ. ಆಕೆ ಪೂರ್ತಿ ಕೇಳಿದರು. ಆಮೇಲೆ ಫೈಲಿನಿಂದ ಒಂದು ಲಕೋಟೆ ತೆಗೆದರು.

"ಈ ವಿಚಾರಣೆ ನೋಟೀಸನ್ನ ಆ ವಿಳಾಸಕ್ಕೇ ಕಳಿಸಿದ್ದೆ. ವಾಪಸ್ ಬಂದಿದೆ. ಪೋಸ್ಟಿನವರು ಮೇಲೆ ಬರೆದಿದ್ದಾರೆ. ‘ಮೂರು ಸಲ ಹೋಗಿದ್ದೆ. ಬಾಗಿಲು ಹಾಕಿತ್ತು.’"

ನಾನು ತುಟಿ ಕಚ್ಚಿಕೊಂಡೆ. ಪಕ್ಕದಲ್ಲಿ ಮಗಳು ಕಿಸಕ್ಕನೆ ನಕ್ಕುಬಿಟ್ಟಳು.

"ನಾವು ನಾಲ್ಕು ದಿನ ಊರಲ್ಲಿರಲಿಲ್ಲ," ಎಂದ ಅಧ್ಯಕ್ಷ.

"ಮೇಡಂ," ಎಂದೆ ನಾನು. ಎದ್ದು ನಿಂತೆ. "ಆ ಬೀದಿ ಕಸ ಎತ್ತೋಳು ನಾನು. ದಿನಾ ಕಾರ್ಡಿಗೆ ತೂತು ಹಾಕ್ತೀನಿ. ಆ ಕಾರ್ಡೆಲ್ಲ ನಿಮ್ಮ ಹಿಂದಿನ ಕಪಾಟಲ್ಲೇ ಇದೆ, ಮೇಸ್ತ್ರಿ ಸಹಿ ಇದೆ. ಸುಳ್ಳು ತೂತು ಹಾಕಿದ್ರೆ ಕೆಲಸದಿಂದ ಕೀಳ್ತೀನಿ ಅಂತ ಹೇಳಿದೋರು ಇವರೇ. ಹನ್ನೆರಡು ಜನ ಹನ್ನೊಂದು ತಿಂಗಳು ವಾಸ ಇದ್ರು ಅಂತಾರೆ. ಒಂದು ದಿನ ಒಂದು ಹಣ್ಣಿನ ಸಿಪ್ಪೆ ಬಂದಿಲ್ಲ. ಇವರು ಉಣ್ಣಲ್ವಾ, ಕೇಳಿ."

ಕಪಾಟು ತೆಗೆಸಿದರು. ಹನ್ನೊಂದು ಕಾರ್ಡನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಒಂದರಲ್ಲೂ ಬೆಳಕು ತೂರಲಿಲ್ಲ. ಪಕ್ಕದ ಮನೆಗಳ ಕಾರ್ಡುಗಳು ಜರಡಿಯಾಗಿದ್ದವು. ಅಧ್ಯಕ್ಷ ಕೂತುಕೊಂಡ. ಕಾಲ ಮೇಲೆ ಕಾಲು ಹಾಕಲಿಲ್ಲ.

ಆಕೆ ಎರಡು ಆದೇಶ ಬರೆಸಿದರು. ಸತ್ತವನನ್ನು ಕಂಡ ಕಣ್ಣನ್ನು ನಂಬಲಾಗುವುದಿಲ್ಲ, ಆದ್ದರಿಂದ ಓಣಿಯನ್ನು ಗುಮಾಸ್ತ ತಮ್ಮ ಎದುರಿಗೇ ಮನೆ ಮನೆ ಹೊಕ್ಕು ಮತ್ತೆ ನೋಡಬೇಕು. ಮೂವತ್ತೊಂದನೇ ಮನೆಯ ಹನ್ನೆರಡು ಹೆಸರು ತೆಗೆಯಲಾಗುವುದು. ಮೂರು ದಿನದೊಳಗೆ ವಾಸದ ದಾಖಲೆ ಕೊಟ್ಟರೆ ಅಥವಾ ಆಕ್ಷೇಪಣೆ ಹಾಕಿದವರೇ ವಾಪಸು ಪಡೆದರೆ ಸರಿ. ಇಲ್ಲವಾದರೆ ಮೂರನೇ ದಿನ ಸಂಜೆ ಐದಕ್ಕೆ ಪಟ್ಟಿ ಅಖೈರು. ಪಟ್ಟಿಯಲ್ಲಿಲ್ಲದವನು ಚುನಾವಣೆಗೆ ನಿಲ್ಲುವಂತಿಲ್ಲ.

ಈಗ ಅಧ್ಯಕ್ಷನ ಜುಟ್ಟು ಅತ್ತೆಯ ಹೆಬ್ಬೆಟ್ಟಿನ ಕೆಳಗಿತ್ತು. ಶೆಡ್ಡಿನಲ್ಲಿದ್ದರೆ ಕೈ ಹಿಡಿದು ಒತ್ತಿಸಿಕೊಂಡಾರು ಎಂದು ಅವತ್ತೇ ಅವಳನ್ನು ನಮ್ಮ ಮನೆಗೆ ಕರೆತಂದೆ.

ಮರುದಿನ ಗುಮಾಸ್ತ ಓಣಿಗೆ ಬಂದ, ಹಿಂದೆ ಅಧಿಕಾರಿಣಿ. ಚರಂಡಿ ನೀರು ಅವನ ಶೂ ಒಳಗೆ ಹೋಯಿತು. ಮೂವತ್ತೆಂಟು ಮನೆಯ ಗೋಣಿಯನ್ನೂ ತನ್ನ ಕೈಯಾರೆ ಎತ್ತಿ, ತಲೆ ಬಗ್ಗಿಸಿ ಒಳಗೆ ಹೋಗಿ, ಒಬ್ಬೊಬ್ಬರ ಹೆಸರು ಕೇಳಿ ಬರೆದ. "ನನ್ನ ಹೆಸರು ಜೋರಾಗಿ ಓದಿ ಹೇಳಿ ಸಾರ್, ಕಿವಿ ಮಂದ," ಎಂದಳು ಎದುರು ಮನೆಯ ಬಸುರಿ. ಅವಳ ಕಿವಿಗೆ ಏನೂ ಆಗಿರಲಿಲ್ಲ. ಆಮೇಲೆ ಎಲ್ಲರ ಕಿವಿಯೂ ಮಂದವಾಯಿತು. ನೂರ ನಲವತ್ಮೂರು ಹೆಸರನ್ನೂ ಅವನು ಕೂಗಿ ಕೂಗಿ ಓದಿದ. ಕೊನೆಗೆ ಅವನ ಗಂಟಲು ಕಟ್ಟಿತು. ಅಧಿಕಾರಿಣಿ ಪ್ರತಿ ಹಾಳೆಗೂ ಸಹಿ ಹಾಕಿದರು.

ಆ ಸಂಜೆ ಡ್ರೈವರ್ ಬಂದ. ನಮ್ಮನ್ನು ವಾಸವಿಲ್ಲ ಎಂದು ಆಕ್ಷೇಪಣೆ ಹಾಕಿದ್ದವನು. "ಸಾಹೇಬರು ಕೇಳ್ತಿದ್ದಾರೆ. ನಿಮಗೆ ಏನು ಬೇಕಂತೆ?"

"ಮೂವತ್ತೆಂಟು ಬಾಗಿಲು," ಎಂದೆ. "ಎಲ್ಲೆಲ್ಲಿ ಕಿತ್ತರೋ ಅಲ್ಲಲ್ಲೇ ಕೂರಿಸಿಕೊಡಬೇಕು. ಆಮೇಲೆ ಮಾತು."

ಆಮೇಲೆ ಮಾತು ಎಂದೆ. ಆಮೇಲೆ ಹೆಬ್ಬೆಟ್ಟು ಎನ್ನಲಿಲ್ಲ.

ಐದು ವರ್ಷ ಬಾರದ ಮೇಲಿನ ಆದೇಶ ಬೆಳಗಾಗುವುದರೊಳಗೆ ಬಂತು. ಮೂರನೇ ದಿನ ಬೆಳಿಗ್ಗೆ ಟ್ರ್ಯಾಕ್ಟರ್ ಓಣಿಗೆ ಬಂತು. ಅದೇ ಟ್ರ್ಯಾಕ್ಟರ್. ಪುರಸಭೆಯ ಬಡಗಿಗಳು, ವೆಲ್ಡಿಂಗಿನವರು. ಹಳೆಯ ಚೌಕಟ್ಟಿಗೆ ಹೊಸ ತಿರುಗುಣಿ ಹಾಕಿದರು, ಚಿಲಕ ಕೂರಿಸಿದರು. ಮಧ್ಯಾಹ್ನದವರೆಗೂ ಸುತ್ತಿಗೆಯ ಸದ್ದು. ನಮ್ಮ ಇಪ್ಪತ್ತೊಂದನೆಯದೂ ಬಂತು. ಹಸಿರು ಬಣ್ಣ ಮಾಸಿತ್ತು, ಕೆಂಪು ನಂಬರು ಹಾಗೆಯೇ ಇತ್ತು. ಮಗಳು ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳು. ನಾನು ಗೋಣಿಯನ್ನು ಬಿಚ್ಚಿ ಮಡಚಿ ಇಟ್ಟೆ.

ನಾಲ್ಕೂವರೆಗೆ ಅಧ್ಯಕ್ಷ ಬಂದ. ಕಾರು ಓಣಿಗೆ ಹಿಡಿಸುವುದಿಲ್ಲ, ನಡೆದೇ ಬಂದ. ಜೊತೆಗೆ ಗುಮಾಸ್ತ, ಕೈಯಲ್ಲಿ ವಾಪಸಾತಿ ಪತ್ರ ಮತ್ತು ಶಾಯಿ ಡಬ್ಬಿ. ಓಣಿಯ ಜನ ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಅಧ್ಯಕ್ಷ ನನಗೆ ಎರಡೂ ಕೈ ಮುಗಿದ.

"ನೋಡು ತಾಯಿ, ಬಾಗಿಲು ಕೊಟ್ಟಾಯ್ತು. ನಿಮ್ಮ ಹೆಸರೂ ಸೇರಿತು. ಆದದ್ದಾಯ್ತು, ಮರೆತುಬಿಡಿ. ಅಮ್ಮನ ಹೆಬ್ಬೆಟ್ಟು ಒಂದು ಆದ್ರೆ ನಾನು ಹೊರಡ್ತೀನಿ."

ಏ ಸೀಟಿ ಹೋಗಿ ತಾಯಿ ಆಗಿದ್ದೆ. ಅತ್ತೆ ಒಳಗೆ ಗೋಡೆಗೆ ಒರಗಿ ಕೂತಿದ್ದಳು. "ಏನು ಹೇಳ್ಲಿ ಅತ್ತೆ?" ಎಂದು ಕೇಳಿದೆ. ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಆಮೇಲೆ ಅದನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ನಾನು ಅಧ್ಯಕ್ಷನ ಮುಖವನ್ನು ಚೆನ್ನಾಗಿ ನೋಡಿದೆ. ಬೆವರಿತ್ತು. ಐದು ವರ್ಷದಿಂದ ಈ ಮುಖವನ್ನು ಹೀಗೆ ನೋಡಬೇಕು ಎಂದು ಕಾದಿದ್ದೆ, ಅದನ್ನು ಯಾಕೆ ಮುಚ್ಚಿಡಲಿ. ನೋಡಿ ತೃಪ್ತಿಯಾದ ಮೇಲೆ ಬಾಗಿಲು ಮುಚ್ಚಿ ಚಿಲಕ ಹಾಕಿದೆ.

ಆಮೇಲೆ ಎದುರು ಮನೆಯ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಅದರ ಪಕ್ಕದ್ದು. ಅದರಾಚೆಯದು. ಓಣಿಯ ಉದ್ದಕ್ಕೂ ತಗಡಿನ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಳ್ಳುತ್ತಾ ಹೋದವು. ಮೂವತ್ತೆಂಟನೆಯದು ಮುಚ್ಚುವವರೆಗೂ ನಾನು ಎಣಿಸಿದೆ.

ಅವನು ಬಡಿದ. ಮೊದಲು ಬೆರಳ ಗೆಣ್ಣಿನಿಂದ, ಆಮೇಲೆ ಅಂಗೈಯಿಂದ. ತಾಯಿ ಎಂದ, ಅಮ್ಮಾ ಎಂದ, ಕೊನೆಗೆ ಅವನ ಹಳೆಯ ಬಾಯಿ ಹೊರಗೆ ಬಂದು ಸೂಳೆಮುಂಡೆ ಎಂದ. ಅತ್ತೆ ಬೊಚ್ಚುಬಾಯಿ ಬಿಟ್ಟು ನಕ್ಕಳು. ಮಗಳು ಮೂಲೆಗೆ ಬಕೆಟ್ಟು ಎಳೆದುಕೊಂಡು ಸ್ನಾನಕ್ಕೆ ನಿಂತಳು. ಚೊಂಬಿನ ಮೇಲೆ ಚೊಂಬು ನೀರು ಹಾಕಿಕೊಂಡಳು. ನಾನು ಅವಳ ಪಾದ ನೋಡಿದೆ. ಎರಡೂ ನೆಲದ ಮೇಲಿದ್ದವು.

ಕಚೇರಿಯ ಐದು ಗಂಟೆಯ ಸೈರನ್ ಕೂಗಿತು. ಬಡಿತ ನಿಂತಿತು. ಹೊರಗೆ ಗುಮಾಸ್ತನ ಕಟ್ಟಿದ ಗಂಟಲು ಕೇಳಿಸಿತು.

"ಸಾರ್, ಈ ಪತ್ರ ಆಫೀಸಿಗೆ ವಾಪಸ್ ಕೊಡಬೇಕು. ಏನಂತ ಬರೀಲಿ?"

ನಾನು ಬಾಗಿಲಿಗೆ ಬಾಯಿ ಇಟ್ಟು ಹೇಳಿದೆ.

"ಬಂದಿದ್ದೆ, ಬಾಗಿಲು ಹಾಕಿತ್ತು ಅಂತ ಬರ್ಕೊಳ್ಳಿ ಸಾರ್. ಈ ಸಲ ನಿಜ."